30×40 ಸೈಟಿನಲ್ಲಿ ಇಂಗುಬಾವಿ ತೋಡಿಸುವ ಬಗೆ

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆಯಾಗುತ್ತದೆ. 900 ಚದರಡಿ ತಾರಸಿಯ ಮೇಲೆ ಬಿದ್ದದ್ದರಲ್ಲಿ ನಷ್ಟ ಕಳೆದರೂ ಸುಮಾರು 65 ಸಾವಿರ ಲೀಟರ್ ಉಳಿಯುತ್ತದೆ. ಸಂಪು ತುಂಬಿ ಮಿಕ್ಕಿದ್ದನ್ನು ನೆಲಕ್ಕಿಳಿಸಲು 3 ಅಡಿ ವ್ಯಾಸ, 20 ಅಡಿ ಆಳದ ಒಂದು ಬಾವಿ ಸಾಕು.

ಒಳಚರಂಡಿ ಚೇಂಬರಿನಿಂದ ಕನಿಷ್ಠ 10 ಅಡಿ ದೂರದಲ್ಲಿ, ಪಾಯಕ್ಕೂ ಸಂಪಿಗೂ ತಾಗದ ಕಡೆ ಜಾಗ ಗುರುತಿಸಿ. ಜನವರಿಯಿಂದ ಏಪ್ರಿಲ್ ಒಳಗೆ ತೋಡಿಸಿದರೆ ಒಳ್ಳೆಯದು, ಹಸಿ ಮಣ್ಣು ಕುಸಿಯುವ ಭಯವಿರುವುದಿಲ್ಲ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಭೋವಿ ಕೆಲಸಗಾರರು ಮಣ್ಣಿನ ಬಣ್ಣ ನೋಡಿಯೇ ನೀರು ಇಂಗುವ ಪದರ ಹೇಳುತ್ತಾರೆ, ಅವರ ಮಾತು ಕೇಳಿ. ಜೇಡಿಮಣ್ಣಿನಲ್ಲೇ ನಿಲ್ಲಿಸಬೇಡಿ. ಗರಸು (ನೀರು ಇಂಗುವ ಒರಟು ಮಣ್ಣು) ಸಿಗುವವರೆಗೆ ಇನ್ನೂ ನಾಲ್ಕೈದು ಅಡಿ ಇಳಿಯಲಿ.

ಗುಂಡಿ 4 ಅಡಿ ಅಗಲ ಇರಲಿ. ಒಂದಡಿ ಎತ್ತರದ, ತೂತುಗಳಿರುವ ಸಿಮೆಂಟ್ ರಿಂಗ್‌ಗಳನ್ನು ತಳದಿಂದ ಒಂದರ ಮೇಲೊಂದು ಕೂರಿಸಿ. ಸಂದಿಗೆ ಸಿಮೆಂಟ್ ಮೆತ್ತಬೇಡಿ, ನೀರು ಹೊರಹೋಗುವುದೇ ಅಲ್ಲಿಂದ. ರಿಂಗ್ ಸುತ್ತ ಉಳಿಯುವ ನಾಲ್ಕಿಂಚು ಜಾಗಕ್ಕೆ ದಪ್ಪ ಜಲ್ಲಿ ಸುರಿಯಿರಿ.

ಬಾವಿಯೊಳಗೆ ಮಾತ್ರ ಏನನ್ನೂ ತುಂಬಬಾರದು. ಜಲ್ಲಿ, ಇದ್ದಿಲು, ಮರಳು ಹಾಕಿದರೆ ನೀರು ಸೋಸುತ್ತದೆ ಎಂದು ಎಷ್ಟೋ ಪ್ಲಂಬರ್‌ಗಳು ಹೇಳುತ್ತಾರೆ. ಆದರೆ ಖಾಲಿ ಬಾವಿ ಪೈಪು ಸೇರುವ ಮಟ್ಟದವರೆಗೆ ಸುಮಾರು 3,600 ಲೀಟರ್ ಹಿಡಿಯುತ್ತದೆ, ಅಂದರೆ ಈ ತಾರಸಿಯ ಮೇಲೆ 50 ಮಿ.ಮೀ. ಮಳೆ ಸುರಿದರೆ ಬರುವಷ್ಟು ನೀರು. ಜಲ್ಲಿ ತುಂಬಿದರೆ ಸಂದಿಗಳಲ್ಲಿ ನಿಲ್ಲುವುದು 1,400 ಲೀಟರ್. ಮೇಲಾಗಿ ಅದರೊಳಗೆ ಕೂತ ಹೂಳನ್ನು ಇಳಿದು ತೆಗೆಯುವಂತೆಯೇ ಇಲ್ಲ. ನಾಲ್ಕೈದು ಮಳೆಗಾಲಕ್ಕೆ ಬಾವಿ ಕಟ್ಟಿಕೊಂಡರೆ ಆಶ್ಚರ್ಯವಿಲ್ಲ.

ಸೋಸುವ ಕೆಲಸ ಹೊರಗೇ ಮುಗಿಯಬೇಕು. ತಾರಸಿ ಪೈಪಿನ ಬಾಯಿಗೆ ಜಾಲರಿ, ಬುಡದಲ್ಲಿ ಮೊದಲ ಮಳೆಯ ಕೊಳೆನೀರು ಬಿಡಲು ವಾಲ್ವ್ (ಮೊದಲ 2 ಮಿ.ಮೀ., ಅಂದರೆ ಸುಮಾರು 170 ಲೀಟರ್), ಆಮೇಲೆ 2 ಅಡಿ ಚೌಕದ ಹೂಳುಗುಂಡಿ. ಅಲ್ಲಿಂದ 4 ಇಂಚಿನ ಪೈಪು ನೆಲಮಟ್ಟಕ್ಕಿಂತ 2 ಅಡಿ ಕೆಳಗೆ ಬಾವಿ ಸೇರಲಿ. ಹೆಚ್ಚುವರಿ ನೀರಿನ ಪೈಪು ರಸ್ತೆಬದಿ ಮಳೆನೀರು ಮೋರಿಗೇ ಹೋಗಲಿ. ಹತ್ತಿರವಿದೆಯೆಂದು ಒಳಚರಂಡಿಗೆ ಜೋಡಿಸಿದರೆ ಜೋರು ಮಳೆಗೆ ಕೊಳಚೆ ತಿರುಗಿ ಬಂದು ಬಾವಿಗೂ, ಪಕ್ಕದ ಬೋರ್‌ವೆಲ್‌ಗೂ ಇಳಿಯುತ್ತದೆ. ಕಾರು, ಬಟ್ಟೆ ತೊಳೆದ ನೀರೂ ಬಾವಿಗೆ ಬೇಡ.

ಕಾರು ನಿಲ್ಲುವ ಜಾಗವಾದರೆ ಕಂಬಿ ಕಟ್ಟಿದ 5 ಇಂಚಿನ ಸ್ಲ್ಯಾಬ್, ಬೀಗದ ಮುಚ್ಚಳ ಇರಲಿ. ಪ್ರತಿ ಮೇ ತಿಂಗಳು ಹೂಳುಗುಂಡಿ ಕೆರೆಯಿರಿ. ತುಂಬಿದ ಬಾವಿ ಎರಡು ದಿನವಾದರೂ ಇಳಿಯದಿದ್ದರೆ ತಳದ ಹೂಳು ತೆಗೆಸುವ ಹೊತ್ತಾಯಿತು.