ಅಪ್ಪ ಜೈಲಲ್ಲಿದ್ದಾನೆ ಅಂತ ಮಕ್ಕಳಿಗೆ ನಾನೇ ಹೇಳ್ದೆ - ನನ್ನ ಅನುಭವ

ಹೇಳ್ಬೇಡ, ಮಗು ಹೆದರ್ಕೊಂಡ್ಬಿಡುತ್ತೆ ಅಂತ ಮನೇಲಿ ಎಲ್ಲರೂ ಅಂದ್ರು, ಜೊತೆ ಅಂಗನವಾಡಿ ಟೀಚರ್‌ಗಳೂ ಅಂದ್ರು. ಈಗ ಅವರೇ ಹೆಂಗ್ ಮಾಡಿದ್ರಿ ಅಂತ ಕೇಳ್ತಾರೆ.

ನನ್ನ ತಮ್ಮನಿಗೆ ಶಿಕ್ಷೆ ಆಗಿ ಶಿವಮೊಗ್ಗದ ಸೋಗಾನೆ ಜೈಲಿಗೆ ಹಾಕಿದಾಗ ಅವನ ಮಕ್ಕಳು ದಾವಣಗೆರೆಗೆ ನನ್ನ ಹತ್ರ ಬಂದ್ವು, ಹುಡುಗನಿಗೆ ಆರು, ಹುಡುಗಿಗೆ ಮೂರು. ಮೊದಲು ನಾನೂ ದುಬೈಗೆ ಹೋಗ್ಯಾನೆ ಅಂತಾನೇ ಸುಳ್ಳು ಹೇಳಿದ್ದೆ. ವಠಾರದ ಹುಡುಗ ಒಬ್ಬ ಆಟದ ಮಧ್ಯೆ ನಿಜ ಅಂದ್ಬಿಟ್ಟ, ಅವತ್ತಿಂದ ಒಂದೂವರೆ ತಿಂಗಳು ನಮ್ಮ ಹುಡುಗ ಹಾಸಿಗೆ ಒದ್ದೆ ಮಾಡ್ಕೊಂಡ, ನನ್ನ ಮಾತು ನಂಬೋದೇ ಬಿಟ್ಟ. ಆಮೇಲೆ ಏನೂ ತಯಾರಿ ಇಲ್ದೆ ಜೈಲಿಗೆ ಕರ್ಕೊಂಡು ಹೋದೆ, ಅಪ್ಪನ್ನ ಮುಟ್ಟೋಕಾಗಲ್ಲ ಅಂತ ಮೊದ್ಲೇ ಹೇಳಿರ್ಲಿಲ್ಲ, ವಾಪಸ್ ಬರೋವಾಗ ಹೊನ್ನಾಳಿ ದಾಟೋವರೆಗೂ ಅತ್ತ, ಮೂರು ದಿನ ಜ್ವರ. ಅದು ನನ್ನದೇ ತಪ್ಪು.

ಮುಂದಿನ ಸಲ ಹೋಗೋ ಮುಂಚೆ ಮನೇಲೇ ಎರಡು ಕುರ್ಚಿ, ಮಧ್ಯೆ ಸೀರೆ ಕಟ್ಟಿ ಭೇಟಿ ಆಟ ಆಡಿಸ್ದೆ, ಪೊಲೀಸ್ ಅವನೇ. ಅಪ್ಪ ಒಂದು ತಪ್ಪು ಮಾಡಿದಾನೆ, ಕೋರ್ಟು ಅಲ್ಲಿರು ಅಂದಿದೆ, ನಿನ್ನಿಂದ ಆಗಿದ್ದಲ್ಲ, ಇಷ್ಟೇ ಮಾತು, ದಿನಾ ಹೇಳ್ದೆ. ಭೇಟಿ ಮುಗಿಯೋ ಕೊನೇ ಎರಡು ನಿಮಿಷಕ್ಕೆ ನಂದೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಮಗು ನೋಡಿಯೇ ಹೇಳ್ಬೇಕು.

ಖರ್ಚು? ಶಕ್ತಿ ಯೋಜನೆಯಿಂದ ನಂಗೆ ಬಸ್ ಫ್ರೀ, ಹುಡುಗನಿಗೆ ಅರ್ಧ ಟಿಕೆಟ್, ಸೋಗಾನೆಗೆ ಆಟೋ, ಊಟ ಎಲ್ಲಾ ಸೇರಿ ಒಂದು ಸಲಕ್ಕೆ ಐನೂರು-ಆರುನೂರು. ಮಿಷನ್ ವಾತ್ಸಲ್ಯ ಅಂತ ಮಕ್ಕಳಿಗಾಗಿ ಸರ್ಕಾರದ ಯೋಜನೆ ಇದೆ, ಅದರ ಪ್ರಾಯೋಜಕತ್ವ ಅನ್ನೋ ಸಹಾಯಧನ ತಿಂಗಳಿಗೆ ಒಂದು ಮಗುಗೆ 4000 ರೂಪಾಯಿ, ಕಾಗದಕ್ಕೆ ಓಡಾಡಿ ಚಪ್ಪಲಿ ಸವೆದ್ವು, ಆದ್ರೂ ಬಿಡ್ಲಿಲ್ಲ, ಹುಡುಗನ ಹೆಸರಿಗೆ ತಗೊಂಡೆ.

ಇ-ಮುಲಾಕಾತ್ ಅಂದ್ರೆ ಜೈಲಲ್ಲಿರೋರ ಜೊತೆ ವಿಡಿಯೋ ಕಾಲ್, ಅದನ್ನೂ ಮಾಡಿ ನೋಡಿದ್ವಿ, ಚಿಕ್ಕವಳು ಅಪ್ಪನ ಮುಖ ಬಿಟ್ಟು ಕೆಂಪು ಬಟನ್ನೇ ಒತ್ತಿದ್ಲು. ಅವಳಿಗೆ ಕೆಲಸ ಮಾಡಿದ್ದು ಕಾಗದ. ಅವಳ ಅಂಗೈ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಳಿಸಿದ್ವಿ, ತಮ್ಮ ಅದರ ಸುತ್ತ ತನ್ನ ಕೈ ಇಟ್ಟು ಎಳೆದು ವಾಪಸ್ ಕಳಿಸ್ದ. ರಾತ್ರಿ ಅದ್ರ ಮೇಲೆ ಕೈ ಇಟ್ಕೊಂಡೇ ಮಲಗ್ತಾಳೆ. ಪೋಸ್ಟ್ ಕಾರ್ಡಲ್ಲಿ ಕಳಿಸಿದ್ರೆ ಬೀದಿ ತುಂಬಾ ಓದ್ತಾರೆ, ಕವರ್ ಹಾಕಿ, ಒಳಗೆ ಸ್ಟಾಂಪ್ ಹಚ್ಚಿ ನಿಮ್ಮ ವಿಳಾಸ ಬರೆದ ಇನ್ನೊಂದು ಕವರ್ ಇಡಿ. ಕೈದಿ ನಂಬರ್ ಮರೀಬೇಡಿ, ನಂದು ಎರಡು ಹಂಗೇ ವಾಪಸ್ ಬಂದ್ವು.