ಮುಖ ತೊಳೆದ ಮೇಲಿನ ಬಿಗಿತವನ್ನು ನಾನು ಅಳೆದ ಬಗೆ

ಪೀಣ್ಯದಲ್ಲಿ ಫೇಸ್‌ವಾಶ್ ಮತ್ತು ಕ್ರೀಮುಗಳನ್ನು ತಯಾರಿಸುವ ಸಣ್ಣ ಘಟಕವೊಂದರಲ್ಲಿ ನಾನು ಕೆಮಿಸ್ಟ್ ಆಗಿದ್ದೇನೆ. ಹೊಸ ಮಾದರಿ ಸಿದ್ಧವಾದಾಗಲೆಲ್ಲ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ), ಸ್ನಿಗ್ಧತೆ, ನೊರೆ ಎಲ್ಲವನ್ನೂ ಅಳೆದು ಬರೆದಿಡುತ್ತಿದ್ದೆವು. ಬಳಸಿದವರು ಹೇಳುತ್ತಿದ್ದ ‘ಮುಖ ಎಳೆದ ಹಾಗಾಗುತ್ತದೆ’ ಎಂಬ ಮಾತಿಗೆ ಮಾತ್ರ ನಮ್ಮ ದಾಖಲೆ ಪುಸ್ತಕದಲ್ಲಿ ಜಾಗವಿರಲಿಲ್ಲ. ಆ ಮಾತನ್ನು ಅಂಕಿಯಲ್ಲಿ ಹಿಡಿಯಬೇಕೆಂದು, ಗಾಳಿಯಲ್ಲಿ ತೇವ ತೀರ ಕಡಿಮೆಯಾಗುವ ಮಾರ್ಚ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಿದೆ.

ನಾನು, ನನ್ನ ಅತ್ತೆ, ನಾದಿನಿ ಮತ್ತು ಮೂವರು ಸಹೋದ್ಯೋಗಿಗಳು ಸೇರಿ ಆರು ಜನರಾದೆವು. ಒಬ್ಬರ ಚರ್ಮವನ್ನು ಇನ್ನೊಬ್ಬರದರೊಂದಿಗೆ ಹೋಲಿಸುವುದು ಸರಿಯಲ್ಲವಾದ್ದರಿಂದ, ಪ್ರತಿಯೊಬ್ಬರ ಒಂದು ಕೆನ್ನೆಗೆ ಸಾಮಾನ್ಯ ಸೋಪು, ಇನ್ನೊಂದಕ್ಕೆ ನಮ್ಮ ಸೌಮ್ಯ ಫೇಸ್‌ವಾಶ್ ಹಾಕಿ, ಯಾವ ಕೆನ್ನೆಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಚರ್ಮದ ಮೇಲ್ಮೈಯದು ಸುಮಾರು 5. ಮಾಪನಕ್ಕೆ ಮೊದಲು ಅರ್ಧ ಗಂಟೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಫ್ಯಾನ್ ಆರಿಸಿ ಕೂರಿಸುತ್ತಿದ್ದೆ, ಏಕೆಂದರೆ ಮೆಟ್ಟಿಲು ಹತ್ತಿ ಬಂದವರ ಬೆವರಿನಿಂದ ತೇವ ಅಳೆಯುವ ಮೀಟರಿನ ಅಂಕಿ ಸುಮ್ಮನೆ ಏರುತ್ತದೆ.

ಮೊದಲ ದಿನವೇ ನಾನು ಎಡವಿದೆ. ಮುಖ ಒರೆಸಿದ ತಕ್ಷಣ ಮೀಟರ್ ಇಟ್ಟಾಗ ಸೋಪಿನ ಕೆನ್ನೆಯಲ್ಲೂ ಅಂಕಿ ಚೆನ್ನಾಗಿಯೇ ಬಂತು, ಬಿಗಿತವಿದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲವೆಂದರು. ಚರ್ಮದ ಹೊರಪದರ ಆಗ ನೀರು ಕುಡಿದು ಉಬ್ಬಿರುತ್ತದೆ. ನೀರು ಆರುತ್ತಾ ಹೋದಂತೆ ಪದರ ಕುಗ್ಗುತ್ತದೆ. ಸೋಪು ಪ್ರೋಟೀನಿಗೆ ಅಂಟಿಕೊಂಡು, ನೀರನ್ನು ಹಿಡಿದಿಡುವ ಸಹಜ ಪದಾರ್ಥಗಳನ್ನೂ ಕೊಬ್ಬನ್ನೂ ಸ್ವಲ್ಪ ತೊಳೆದುಹಾಕಿರುವುದರಿಂದ ಆ ಕುಗ್ಗುವಿಕೆ ಮೊದಲಿದ್ದ ಸ್ಥಿತಿಯನ್ನೂ ದಾಟಿ ಹೋಗುತ್ತದೆ. ಆದ್ದರಿಂದ ಐದು, ಹದಿನೈದು, ಮೂವತ್ತು ಮತ್ತು ಅರುವತ್ತು ನಿಮಿಷಗಳಿಗೆ ಅಳೆಯಲು ಶುರು ಮಾಡಿದೆ.

ಕೇಳುವ ರೀತಿಯನ್ನು ತಿದ್ದಿದವರು ಅತ್ತೆ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದರೆ ಅವರು ಸುಮ್ಮನೆ ಕೂತು ಎರಡೂ ಕೆನ್ನೆಗೆ ಒಂದೇ ಅಂಕ ಕೊಟ್ಟಿದ್ದರು. ಸ್ವಲ್ಪ ಹೊತ್ತಿನ ಮೇಲೆ ಯಾವುದೋ ಮಾತಿಗೆ ನಕ್ಕವರು, “ಈ ಕಡೆ ನಗೋಕೇ ಆಗ್ತಿಲ್ಲ ಕಣಮ್ಮ, ಚರ್ಮ ಹಿಡ್ಕೊಂಡ ಹಾಗಿದೆ” ಎಂದರು. ಅಲುಗಾಡದ ಮುಖದಲ್ಲಿ ಬಿಗಿತ ಅಡಗಿರುತ್ತದೆ. ಅಂದಿನಿಂದ ಅಂಕ ಕೇಳುವ ಮುನ್ನ ಎಲ್ಲರೂ ಮೂರು ಬಾರಿ ಅಗಲವಾಗಿ ನಗಬೇಕು, ಕೆನ್ನೆ ಉಬ್ಬಿಸಬೇಕು ಎಂಬ ನಿಯಮ ಮಾಡಿದೆ.

ಕ್ರೀಮು ಹಚ್ಚಿದ ಮೇಲಿನ ಲೆಕ್ಕ ಇನ್ನೂ ತೊಡಕಿನದು. ಗ್ಲಿಸರಿನ್ ಹಚ್ಚಿದ ಕೆನ್ನೆಯಲ್ಲಿ ಮೀಟರಿನ ಅಂಕಿ ತಟ್ಟನೆ ಏರಿತು, ಆದರೆ ಬೆರಳಿಗೆ ಅದು ಅಂಟಂಟಾಗಿತ್ತು. ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಕಡೆ ಅಂಕಿ ಇಳಿದೇ ಹೋಯಿತು. ಜೆಲ್ಲಿ ನೀರು ಆರಿಹೋಗುವುದನ್ನು ಬಲವಾಗಿ ತಡೆಯುತ್ತದೆಂದು ತಿಳಿದಿದ್ದ ನನಗೆ ಇದು ಒಗಟಾಗಿ ಕಂಡಿತ್ತು. ಮೀಟರ್ ಮತ್ತು ಚರ್ಮದ ನಡುವೆ ಜಿಡ್ಡಿನ ಪೊರೆ ನಿಂತಿದ್ದರಿಂದ ಹಾಗಾಗಿತ್ತು ಅಷ್ಟೆ, ಅದೇ ಕೆನ್ನೆಯಲ್ಲಿ ಬಿಗಿತವಿಲ್ಲವೆಂದು ನಾದಿನಿ ಸ್ಪಷ್ಟವಾಗಿ ಹೇಳುತ್ತಿದ್ದಳು. ಮೀಟರಿನ ಅಂಕಿ, ಬೆರಳಿಗೆ ಸಿಗುವ ನುಣುಪು, ಮುಖದೊಳಗಿನಿಂದ ಅನುಭವಕ್ಕೆ ಬರುವ ಬಿಗಿತ ಈ ಮೂರನ್ನೂ ಕೂಡಿಸಿ ಒಂದೇ ‘ಒಟ್ಟು ಅಂಕ’ ಮಾಡುವ ಆಲೋಚನೆಯನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಈ ಒಳಗಿನ ಅನುಭವ ಬರಿಯ ಭ್ರಮೆಯಲ್ಲ ಎಂಬ ಧೈರ್ಯವನ್ನು ನನಗೆ ಕೊಟ್ಟದ್ದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೈನ್‌ಹೋಲ್ಡ್ ಡೌಸ್ಕಾರ್ಟ್ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನ. ಹೊರಪದರ ಒಣಗಿ ಕುಗ್ಗುವಾಗ ಹುಟ್ಟುವ ಸೆಳೆತವನ್ನು ಅವರು ದಾನವಾಗಿ ಪಡೆದ ಚರ್ಮದ ತುಣುಕುಗಳ ಮೇಲೆ ಅಳೆದು, ಅದು ಕೆಳಗಿರುವ ಸ್ಪರ್ಶಗ್ರಾಹಕ ನರಗಳನ್ನು ಎಷ್ಟು ಕೆರಳಿಸಬಹುದೆಂದು ಲೆಕ್ಕ ಹಾಕಿದರು. ಒಂಬತ್ತು ಮಾಯಿಶ್ಚರೈಸರ್‌ಗಳ ಬಗ್ಗೆ ಫ್ರಾನ್ಸಿನ 2,000 ಮಹಿಳೆಯರು ಮತ್ತು ಆರು ಕ್ಲೆನ್ಸರ್‌ಗಳ ಬಗ್ಗೆ ಚೀನಾದ 720 ಮಹಿಳೆಯರು ಹೇಳಿದ ಮಾತು ಆ ಲೆಕ್ಕಕ್ಕೆ ಹೊಂದಿಕೊಂಡಿತು. ಆರು ಜನರನ್ನು ಇಟ್ಟುಕೊಂಡು ನಾನು ಅಷ್ಟು ದೊಡ್ಡ ಮಾತು ಆಡಲಾರೆ, ಶೇಕಡಾವಾರು ಲೆಕ್ಕವನ್ನೂ ಹಾಕಲಿಲ್ಲ.

ಕೊನೆಗೂ ಒಂದು ತೊಡಕು ಉಳಿದಿತ್ತು. ಒಬ್ಬ ಸಹೋದ್ಯೋಗಿ ಪ್ರಯೋಗ ಆರಂಭವಾಗುವ ಮೊದಲೇ, ಏನನ್ನೂ ಹಚ್ಚದ ಮುಖಕ್ಕೆ, ಪ್ರತಿಸಲವೂ ಮೂರೋ ನಾಲ್ಕೋ ಅಂಕ ಕೊಡುತ್ತಿದ್ದರು. ಉಳಿದವರದು ಸೊನ್ನೆ ಅಥವಾ ಒಂದು. ವಿಚಾರಿಸಿದಾಗ ಅವರ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ಲಿನ ಟ್ಯಾಂಕರ್ ನೀರು ಎಂದು ತಿಳಿಯಿತು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಗಸಿಯಾಗಿ ಚರ್ಮದ ಮೇಲೆ ಕೂರುತ್ತದೆ. ಬೆಳಿಗ್ಗೆ ಮನೆಯಲ್ಲಿ ಸೋಪು ಹಚ್ಚದೆ ಬಂದು, ಘಟಕದಲ್ಲಿ ತುಂಬಿಟ್ಟ ಕಾವೇರಿ ನೀರಿನಲ್ಲೇ ಮುಖ ತೊಳೆಯುವಂತೆ ಒಂದು ವಾರ ಅವರನ್ನು ಕೇಳಿಕೊಂಡೆವು. ಐದನೆಯ ದಿನಕ್ಕೆ ಅವರ ಆರಂಭದ ಅಂಕ ಒಂದಕ್ಕೆ ಇಳಿಯಿತು. ಈಗ ಮಾಪನಕ್ಕೆ ಬರುವವರೆಲ್ಲರಿಗೂ ಒಂದೇ ಡ್ರಮ್ಮಿನ ನೀರು, ಪುಸ್ತಕದಲ್ಲಿ ನೀರಿನ ಗಡಸುತನಕ್ಕೂ ಒಂದು ಕಾಲಂ.