ಮಗು ಸುಮ್ಮನಾದಾಗ

"ನಾನು ಮಾತಾಡಿಸಿದ್ರೆ ಸಾಕು, ಮುಖ ಆಚೆ ತಿರುಗಿಸಿ ಸುಮ್ಮನಾಗಿಬಿಡ್ತಾನೆ. ನಾನಂದ್ರೆ ಇವನಿಗೆ ಆಗಲ್ವೇನೋ ಮೇಡಂ." ಮೊದಲ ಭೇಟಿಯಲ್ಲೇ ಆ ತಾಯಿ ಹೀಗಂದರು. ಹೇಳುವಾಗ ಅವರ ಗಂಟಲು ಕಟ್ಟಿತ್ತು. ಕಣ್ಣಿನ ತೊಂದರೆ ಇರುವ ಪುಟ್ಟ ಮಕ್ಕಳ ಮನೆಗೆ ಹೋಗಿ, ಅವರ ಜೊತೆ ಹೇಗಿರಬೇಕು ಅಂತ ಮನೆಯವರಿಗೆ ಹೇಳಿಕೊಡುವುದು ನನ್ನ ಕೆಲಸ.

ಮಗುವಿಗೆ ಆಗ ಹತ್ತು ತಿಂಗಳು. 28ನೇ ವಾರಕ್ಕೇ ಹುಟ್ಟಿದ್ದ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ, ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಮುಂದೆ ಅವು ಅಡ್ಡಾದಿಡ್ಡಿ ಬೆಳೆದರೆ ರೆಟಿನಾವನ್ನೇ ಎಳೆದು ಕಳಚಿಬಿಡಬಹುದು. ಇವನಿಗೆ ಆಗಿದ್ದು ಅದೇ. ಈಗ ಬೆಳಕು, ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು.

ನಾನು ತಾಯಿಗೆ ಇನ್ನೊಂದು ಸಲ ಮಾತಾಡಿಸಿ ಅಂದೆ. ಅವರು ಹೆಸರು ಹಿಡಿದು ಕರೆದರು. ಅವನು ನಿಜವಾಗಲೂ ಅಲ್ಲಾಡದೆ ಸುಮ್ಮನಾಗಿಬಿಟ್ಟ. ಕಾಲಾಟ ನಿಂತಿತು. ಮುಖ ಆಚೆ ಹೋಯಿತು, ಕಿವಿ ಈಚೆ ಬಂತು. "ಮುಖ ಬಿಡಿ, ಕೈ ನೋಡಿ" ಅಂದೆ. ಎದೆಯ ಮೇಲಿದ್ದ ಎರಡೂ ಕೈಗಳ ಬೆರಳುಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು, ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ತಾಯಿಯ ಬೆರಳನ್ನು ಅಲ್ಲಿಟ್ಟಾಗ ಗಟ್ಟಿಯಾಗಿ ಹಿಡಿದ. ಅವನು ಬೇಡ ಅಂದಿರಲಿಲ್ಲ, ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ. ತಾಯಿ ಆ ಕೈಯನ್ನೇ ತುಂಬ ಹೊತ್ತು ನೋಡುತ್ತಾ ಕೂತರು.

ಈ ಪಾಠ ನನ್ನದಲ್ಲ. ಅಮೆರಿಕದ ಸೆಲ್ಮಾ ಫ್ರೈಬರ್ಗ್ 1960 ಮತ್ತು 70ರ ದಶಕಗಳಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳನ್ನು ಅವರವರ ಮನೆಗೇ ಹೋಗಿ ಗಮನಿಸಿದವರು. ಮುಖದಲ್ಲಿ ಕಾಣದ ಭಾವನೆ ಈ ಮಕ್ಕಳ ಕೈಯಲ್ಲಿ ಕಾಣುತ್ತದೆ ಅಂತ ಅವರು ಕಂಡುಕೊಂಡರು. ಓದಿದಾಗ ಒಪ್ಪಿಕೊಂಡಿದ್ದೆ. ಆದರೆ ನಂಬಿದ್ದು ಇಂಥ ಕೈಗಳನ್ನು ನೋಡಿದ ಮೇಲೆಯೇ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ದೊಡ್ಡ ಚೀಲ ತುಂಬ ಆಟಿಕೆ ಹೊತ್ತು ಹೋಗುತ್ತಿದ್ದೆ. ಮುಕ್ಕಾಲು ಗಂಟೆ ಮಗುವಿನ ಜೊತೆ ನಾನೇ ಆಡಿಸುತ್ತಿದ್ದೆ. ತಾಯಿ ಆಚೆ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ವಾರ ಬಿಟ್ಟು ಹೋದರೆ ಎಲ್ಲ ಮೊದಲಿನ ಹಾಗೇ ಇರುತ್ತಿತ್ತು, ನನ್ನ ಆಟಿಕೆ ನನ್ನ ಚೀಲದಲ್ಲಿ ವಾಪಸ್ ಬಂದಿರುತ್ತಿತ್ತಲ್ಲ! ವಾರದಲ್ಲಿ ನಾನಿರುವುದು ಒಂದು ಗಂಟೆ. ಉಳಿದ ಅಷ್ಟೂ ಹೊತ್ತು ಮಗು ಮನೆಯವರ ಜೊತೆ. ಅದು ತಲೆಗೆ ಹೋದ ಮೇಲೆ ಚೀಲ ಬಿಟ್ಟೆ. ಈಗ ಮನೆಯಲ್ಲಿರುವ ಚಮಚ, ಬಟ್ಟಲು, ಬಾಚಣಿಗೆ, ಬೀಗದ ಕೈ ಗೊಂಚಲು ಸಾಕು. ಮಗುವನ್ನು ಮುಟ್ಟುವುದು ಮನೆಯವರು, ನಾನು ಪಕ್ಕದಲ್ಲಿ ಕೂರುತ್ತೇನೆ.

ಮೊದಲು ಹೇಳಿಕೊಡುವುದು ತೀರಾ ಸಣ್ಣ ವಿಷಯ. ಎತ್ತಿಕೊಳ್ಳುವ ಮುಂಚೆ ಹೆಸರು ಹೇಳಿ, ಭುಜ ಮುಟ್ಟಿ, ಒಂದು ಕ್ಷಣ ಕಾಯಿರಿ. ಯೋಚಿಸಿ ನೋಡಿ, ಹೇಳದೆ ಕೇಳದೆ ಯಾರೋ ನಮ್ಮನ್ನು ಗಾಳಿಗೆ ಎತ್ತಿದರೆ ಹೇಗಿರುತ್ತೆ? ಎಷ್ಟೋ ಮಕ್ಕಳು ಎತ್ತಿಕೊಂಡ ಕೂಡಲೇ ಸೆಟೆದುಕೊಳ್ಳುವುದು ಇದಕ್ಕೇ. ಇನ್ನೊಂದು, ಮಗುವಿನ ಕೈ ಹಿಡಿದು ಎಳೆದು ವಸ್ತುವಿನ ಮೇಲೆ ಇಡಬೇಡಿ. ನಿಮ್ಮ ಕೈ ವಸ್ತುವಿನ ಮೇಲಿರಲಿ, ಅವನ ಕೈ ನಿಮ್ಮ ಕೈ ಮೇಲಿರಲಿ. ನೀವು ಮುಟ್ಟುವುದು ಅವನಿಗೆ ಗೊತ್ತಾಗುತ್ತದೆ, ಸಾಕು ಅನಿಸಿದರೆ ಕೈ ತೆಗೆಯುವುದೂ ಅವನಿಗೇ ಬಿಟ್ಟಿದ್ದು. ಈ ಮಕ್ಕಳಿಗೆ ಕೈಯೇ ಕಣ್ಣು. ಕಣ್ಣನ್ನು ಯಾರಾದರೂ ಹಿಡಿದು ಎಳೆಯುತ್ತಾರಾ?

ಅವನ ಅಪ್ಪ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು, "ಯಾವಾಗ ಅಂಬೆಗಾಲಿಡ್ತಾನೆ?" ಕಾಲಿನಲ್ಲಿ ಏನೋ ದೋಷ ಇದೆ ಅನ್ನುವ ಹೆದರಿಕೆ ಅವರಿಗೆ. ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿದೆವು. ಸುಮಾರು ಮೂರು ತಿಂಗಳು ಮುಂಚೆ ಹುಟ್ಟಿದವನು, ಹತ್ತು ತಿಂಗಳಾದರೂ ಅವನನ್ನು ಏಳು ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಆಮೇಲೆ ಇನ್ನೊಂದು ಮಾತು ಹೇಳಿದೆ. ಕಣ್ಣು ಕಾಣುವ ಮಗು ದೂರದ ಚೆಂಡು ನೋಡಿ ಅದರ ಕಡೆ ಹೋಗುತ್ತೆ. ಇವನನ್ನು ಕರೆಯುವುದಕ್ಕೆ ಎದುರಿಗೆ ಏನಿದೆ? ಶಬ್ದ ಇದೆಯಲ್ಲ ಅಂತೀರಿ. ಆದರೆ ಆ ಶಬ್ದದ ಹಿಂದೆ ಕೈಗೆ ಸಿಗುವ ಒಂದು ವಸ್ತು ಇದೆ ಅನ್ನುವುದು ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ಬರೀ ಶಬ್ದ ಕೇಳಿ ಕೈ ಚಾಚುವುದು ಮೊದಲ ವರ್ಷದ ಕೊನೆಯ ಹೊತ್ತಿಗೆ ಬರುವ ಕಲಿಕೆ. ಅದು ಬಂದ ಮೇಲೆಯೇ ಮುಂದಕ್ಕೆ ಹೋಗುವ ಆಸೆ. ಅದಕ್ಕೇ ನಾವು ಕಾಲು ಬಿಟ್ಟು ಕೈ ಹಿಡಿದೆವು.

ರಟ್ಟಿನ ಒಂದು ದೊಡ್ಡ ಪೆಟ್ಟಿಗೆಯ ಒಂದು ಬದಿ ಕತ್ತರಿಸಿದೆವು. ಒಳಗೆ ಮೇಲಿನಿಂದ ಚಮಚ, ಬಾಚಣಿಗೆ, ಬೀಗದ ಕೈ, ಬ್ರಷ್ ಗಟ್ಟಿಯಾಗಿ ಇಳಿಬಿಟ್ಟೆವು. ದಾರ ಗಿಡ್ಡ, ಬಾಯಿಗೆ ಹೋಗುವಷ್ಟು ಸಣ್ಣದು ಏನೂ ಇಲ್ಲ, ಪಕ್ಕದಲ್ಲಿ ಯಾವಾಗಲೂ ದೊಡ್ಡವರೊಬ್ಬರು. ಡೆನ್ಮಾರ್ಕಿನಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಲಿಸುತ್ತಿದ್ದ ಲಿಲ್ಲಿ ನೀಲ್ಸನ್ ಅವರ 'ಲಿಟಲ್ ರೂಮ್' ಅನ್ನುವ ಪುಟ್ಟ ಕೋಣೆಯಿಂದ ಬಂದ ಯೋಚನೆ ಇದು. ಇದರಲ್ಲಿ ಮುಖ್ಯ ಏನಂದರೆ ವಸ್ತುಗಳು ದಿನವೂ ಅದದೇ ಜಾಗದಲ್ಲಿರಬೇಕು. ಕೈಜಾರಿದ ಆಟಿಕೆ ಈ ಮಕ್ಕಳ ಪಾಲಿಗೆ ಇಲ್ಲವಾಗಿಬಿಡುತ್ತದೆ. ಇಲ್ಲಿ ಅದು ಅಲ್ಲೇ ಇರುತ್ತದೆ. ಇನ್ನೊಂದು ನಿಯಮ ಮನೆಯವರಿಗೆ ಜಾಸ್ತಿ ಕಷ್ಟ: ಮಗು ಆಡುವಾಗ ಮಾತಾಡಬಾರದು. "ಶಭಾಷ್" ಅಂದರೂ ಅವನು ಆಟ ಬಿಟ್ಟು ನಿಮ್ಮನ್ನು ಕೇಳುತ್ತಾನೆ.

ಮೊದಲ ಮೂರು ದಿನ ಪೆಟ್ಟಿಗೆಯೊಳಗೆ ಸುಮ್ನೆ ಮಲಗಿದ್ದನಂತೆ. ನಾಲ್ಕನೇ ದಿನ ಕೈ ಅಕಸ್ಮಾತ್ ಚಮಚಕ್ಕೆ ತಾಗಿತು. ಅದು ಪಕ್ಕದ ಬೀಗದ ಕೈಗೆ ಬಡಿದು ಠಣ್ ಅಂತು. ಸ್ತಬ್ಧನಾದ. ತಾಯಿ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಎಷ್ಟೋ ಹೊತ್ತಿನ ಮೇಲೆ ಅದೇ ಕೈ ಅದೇ ಜಾಗಕ್ಕೆ ಹೋಯಿತು. ಠಣ್. ಫೋನಿನಲ್ಲಿ ಇದನ್ನು ಹೇಳುವಾಗ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಎಲ್ಲ ಮಕ್ಕಳಿಗೂ ಇದೇ ದಾರಿ ಅಲ್ಲ. ಅದೇ ವರ್ಷ ನೋಡಿದ ಒಂದು ಹೆಣ್ಣುಮಗುವಿನ ಕಣ್ಣು ಚೆನ್ನಾಗಿಯೇ ಇತ್ತು, ತೊಂದರೆ ಇದ್ದದ್ದು ನೋಡಿದ್ದನ್ನು ಅರ್ಥ ಮಾಡಿಕೊಳ್ಳುವ ಮೆದುಳಿನಲ್ಲಿ. ಇಂಥ ಮಕ್ಕಳಿಗೆ ನೋಟವನ್ನೇ ಬೆಳೆಸಬಹುದು. ಅವಳಿಗೆ ಕಪ್ಪು ಬಟ್ಟೆಯ ಮುಂದೆ ಒಂದೇ ಒಂದು ಹೊಳೆಯುವ ಕೆಂಪು ವಸ್ತು ಹಿಡಿದು, ಸ್ವಲ್ಪ ಅಲ್ಲಾಡಿಸಿ ಕಾಯುತ್ತಿದ್ದೆವು. ಟಿವಿ ಆಫ್. ಅರ್ಧ ನಿಮಿಷ ಕಳೆದ ಮೇಲೆ ಕಣ್ಣು ಅತ್ತ ಹೊರಳುತ್ತಿತ್ತು. ಮನೆಯವರು ಹತ್ತು ಸೆಕೆಂಡಿಗೇ "ನೋಡ್ತಿಲ್ಲ" ಅಂತ ವಸ್ತು ತೆಗೆದುಬಿಡುತ್ತಿದ್ದರು. ಅಲ್ಲೂ ಬೇಕಾಗಿದ್ದು ಕಾಯುವುದೇ.

ಹುಡುಗನ ಮನೆಯಲ್ಲಿ ಅಜ್ಜಿಗೆ ಒಂದು ಚಿಂತೆ ಇತ್ತು. ಮೊಮ್ಮಗ ಮುಷ್ಟಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದ. ರೆಟಿನಾ ತೊಂದರೆ ಇರುವ ಮಕ್ಕಳಲ್ಲಿ ಇದು ಸಾಮಾನ್ಯ, ವರ್ಷಗಟ್ಟಲೆ ಒತ್ತಿದರೆ ಕಣ್ಣು ಒಳಗೆ ಇಳಿದ ಹಾಗಾಗುತ್ತದೆ. ಅಜ್ಜಿ ಗದರಿ ಕೈ ಎಳೆಯುತ್ತಿದ್ದರು. ಗದರಬೇಡಿ, ಆ ಕೈಗೆ ಬೇರೆ ಕೆಲಸ ಕೊಡಿ ಅಂದೆ. ಆಮೇಲೆ ಅವರೇ ಒಂದು ಬಟ್ಟಲು ತುಂಬ ಬಟ್ಟೆ ಕ್ಲಿಪ್ಪು ಹಾಕಿ ಅವನ ಮುಂದೆ ಇಡತೊಡಗಿದರು. ನನಗೆ ಹೊಳೆದಿರದ ಉಪಾಯ ಅದು. ಈಗ ಬೇರೆ ಮನೆಗಳಲ್ಲೂ ಹೇಳುತ್ತೇನೆ.

"ಇನ್ನೇನೂ ಮಾಡಕ್ಕಾಗಲ್ಲ" ಅನ್ನುವ ಮಾತು ಕೇಳಿಕೊಂಡೇ ತುಂಬ ಜನ ನನ್ನ ಹತ್ತಿರ ಬರುತ್ತಾರೆ. ಕಣ್ಣಿಗೆ ಚಿಕಿತ್ಸೆ ಮುಗಿದಿದೆ ಅನ್ನುವುದಷ್ಟೇ ಅದರ ಅರ್ಥ. ಮಗುವಿನ ವಿಷಯದಲ್ಲಿ ಎಲ್ಲ ಮುಗಿಯಿತು ಅಂತ ಕೇಳಿಸಿಕೊಂಡು ಎಷ್ಟೋ ಮನೆಗಳು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತವೆ. ಆ ತಿಂಗಳುಗಳು ನನಗೆ ತುಂಬ ನೋವು ಕೊಡುತ್ತವೆ. ಕಣ್ಣಿನ ವರದಿ ಕೈಗೆ ಬಂದ ವಾರವೇ ನಮ್ಮಂಥವರ ಫೋನ್ ನಂಬರೂ ಅವರ ಕೈಗೆ ಸಿಗಬೇಕು.

ಅವನು ಒಂದು ವರ್ಷ ಎರಡು ತಿಂಗಳಿಗೆ ಗಿಲಕಿಯ ಸದ್ದಿಗೆ ಕೈ ಚಾಚಿದ. ಅದಾಗಿ ಕೆಲವು ವಾರಕ್ಕೆ ಅಂಬೆಗಾಲು. ಹೋದ ತಿಂಗಳು ಹೋದಾಗ ನೆಲದ ಮೇಲೆ ಕೂತು ಪಾತ್ರೆಯೊಳಗೆ ಸೌಟು ತಿರುಗಿಸುತ್ತಿದ್ದ. ಬಾಗಿಲಲ್ಲೇ ನಿಂತು ಅವನ ಹೆಸರು ಹೇಳಿ ನಾನು ಬಂದಿದ್ದೀನಿ ಅಂದೆ. ಸೌಟು ನಿಂತಿತು. ಮುಖ ಆಚೆ ಹೋಯಿತು. ಇನ್ನೇನೋ ಹೇಳಲು ಬಾಯಿ ತೆರೆದೆ. ತಾಯಿ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು, "ಇರಿ ಮೇಡಂ, ಕೇಳಿಸ್ಕೊಳ್ತಾ ಇದ್ದಾನೆ."